ಎಡಗೈ ಸುತ್ತಿದ ಸುರುಳಿ

ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ನೀರಿನ ಮೋಟರು ಇನ್ನೂ ಶುರುವಾಗಿಲ್ಲ. ಹಾಲಿನವನ ಸ್ಕೂಟರು ಬಂದು ಹೋಗಿದೆ. ಶಾಲೆಯ ವ್ಯಾನುಗಳು ಹಾರ್ನ್ ಹೊಡೆಯಲು ಸ್ವಲ್ಪ ಹೊತ್ತಿದೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಭವಾನಿ ಚಾಪೆ ಹಾಸಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಊಟದ ತಟ್ಟೆಯಷ್ಟು ಅಗಲದ ಹಳೆಯ ಸ್ಪೀಕರು. ಅದರ ಕರಿಯ ಕಾಗದದ ಬಟ್ಟಲಿನ ಮೇಲೆ ಎರಡೂ ಕೈಯ ಬೆರಳಿಟ್ಟು ಮೆಲ್ಲಗೆ ಒತ್ತುತ್ತಾರೆ, ಬಿಡುತ್ತಾರೆ, ಕಿವಿಯನ್ನು ಹತ್ತಿರ ತಂದು ಮತ್ತೆ ಒತ್ತುತ್ತಾರೆ. ಒಳಗೆ ಎಲ್ಲಾದರೂ ಕರಕರ ಅಂದರೆ ತಂತಿಯ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ ಎಂದರ್ಥ. ಆಗ ಬಿಚ್ಚಿ ಮೊದಲಿಂದ ಶುರು ಮಾಡಬೇಕು.

“ಮೋಟರ್ ಹಚ್ಚಿದ್ರಂದ್ರ ಏನೂ ಕೇಳಂಗಿಲ್ರಿ. ಅದಕ್ಕ ಈ ಹೊತ್ತು ನಂದು. ಚಾ ಸೈತ ಆಮ್ಯಾಲೆ,” ಎನ್ನುತ್ತಾರೆ. ಬೆಳ್ಳಂಬೆಳಗ್ಗೆ ಅಷ್ಟು ದೂರದಿಂದ ಬಂದ ನನಗೆ ಚಹಾದ ಆಸೆ ಇದ್ದದ್ದು ನಿಜ. ಕೆಮ್ಮು ಬಂದು ಗಂಟಲು ಸರಿಮಾಡಿಕೊಂಡರೆ, “ಸ್ವಲ್ಪ ಹೊರಗ ಹೋಗಿ ಕೆಮ್ಮಿ ಬರ್ರಿ,” ಎಂದು ನಗುನಗುತ್ತಲೇ ಬಾಗಿಲು ತೋರಿಸಿದರು. ಸಂದರ್ಶನಕ್ಕೆ ಹೋಗಿ ಹೊರಗೆ ಹಾಕಿಸಿಕೊಂಡದ್ದು ನನಗೆ ಇದೇ ಮೊದಲು.

ಅವರು ಅಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಮಡಿಲಲ್ಲಿರುವುದು ಕಾಚಿಗುಡದ ಮಂದಾಕಿನಿಬಾಯಿಯವರ ಸ್ಪೀಕರು. ಗೋಡೆಗೆ ಒರಗಿಸಿಟ್ಟ ತೇಗದ ಡಬ್ಬಿಗಳ ಜೋಡಿಯಲ್ಲಿ ಒಂದಕ್ಕೆ ಸೇರಿದ್ದು. ಮಂದಾಕಿನಿಬಾಯಿ ತಮ್ಮ ಓಣಿಯ ಹೆಣ್ಣುಮಕ್ಕಳ ಭಜನಾ ಮಂಡಳಿಯನ್ನು ಕಟ್ಟಿದವರು. ದಾಸರ ಪದಗಳನ್ನು ಅವರು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಪಿಸುಮಾತಿಗಿಂತ ಮೇಲೆ ಏಳುವುದಿಲ್ಲ. ಮಂಡಳಿಗೆ ಈಗ ಐವತ್ತು ತುಂಬುತ್ತಿದೆ. ಹಿಂದೊಮ್ಮೆ ಮನೆಯಲ್ಲೇ ರೆಕಾರ್ಡ್ ಮಾಡಿಟ್ಟ ಅವರ ಹಾಡಿನ ಕ್ಯಾಸೆಟ್ಟೊಂದು ಉಳಿದಿದೆ. ಬರುವ ಗುರುವಾರ ಆ ದನಿ ಎತ್ತಿಕೊಡಬೇಕು, ಮಂಡಳಿ ಹಾಡಬೇಕು ಎಂಬುದು ಎಲ್ಲರ ಆಸೆ. ಆದರೆ ಅವರ ಮನೆಯ ಸ್ಪೀಕರುಗಳಲ್ಲಿ ಒಂದು ಸುಟ್ಟು ಮೂಕಾಗಿತ್ತು.

ಮಂಡಳಿಯ ಅತಿ ಕಿರಿಯ ಸದಸ್ಯೆ ಪೂರ್ವಿ ಮೈಸೂರಿನವಳು, ಇಲ್ಲಿ ಕಂಪನಿಯೊಂದರಲ್ಲಿ ಕೆಲಸ. ಕ್ಯಾಸೆಟ್ಟನ್ನು ಫೋನಿಗೆ ಹಾಕಿಕೊಂಡು ಸಣ್ಣ ಬ್ಲೂಟೂತ್ ಡಬ್ಬಿಯಲ್ಲಿ ಕೇಳಿಸಲು ಹೋದಳಂತೆ. “ಅಜ್ಜಿ ಎರಡು ಸಾಲು ಕೇಳಿ ಕೈ ಅಡ್ಡ ಹಿಡಿದುಬಿಟ್ರು. ‘ಇದು ನಾನಲ್ಲ, ನನ್ನ ಧ್ವನಿಯನ್ನ ಇಲಿ ನುಂಗೇದ’ ಅಂದ್ರು. ಅವರ ದನಿ ಅವರಿಗೆ ವಾಪಸ್ ಸಿಗಬೇಕು, ಅಷ್ಟೇ. ಅದಕ್ಕೇ ಎರಡು ಸ್ಪೀಕರನ್ನೂ ಆಟೋದಲ್ಲಿ ಹಾಕ್ಕೊಂಡು ಭವಾನಿ ಆಂಟಿ ಹತ್ರ ಬಂದೆ,” ಎನ್ನುತ್ತಾಳೆ.

ಭವಾನಿಯವರಿಗೆ ಅರವತ್ತರ ಹತ್ತಿರ. ಸೇಡಂ ಕಡೆಯವರು, ಮದುವೆಯಾಗಿ ಹೈದರಾಬಾದಿಗೆ ಬಂದವರು. ಪತಿ ಅಮರೇಶಪ್ಪ ಅಬಿಡ್ಸ್‌ನ ಗಲ್ಲಿಯೊಂದರಲ್ಲಿ ರೇಡಿಯೊ, ಸ್ಪೀಕರ್ ರಿಪೇರಿಯ ಅಂಗಡಿ ಇಟ್ಟಿದ್ದರು. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಸುಟ್ಟ ಕಾಯಿಲುಗಳು, ಎಂದರೆ ತಂತಿಯ ಸುರುಳಿಗಳು, ಸಂಜೆ ಊಟದ ಡಬ್ಬಿಯಲ್ಲಿ ಮನೆಗೆ ಬರುತ್ತಿದ್ದವು. ಭವಾನಿ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯಿಂದ ಹೊಸದು ಸುತ್ತಿದರೆ, ಮರುದಿನ ಅದೇ ಡಬ್ಬಿಯಲ್ಲಿ ರೊಟ್ಟಿ ಪಲ್ಯದ ಮೇಲಿನ ಖಾನೆಯಲ್ಲಿ ಕೂತು ಅಂಗಡಿಗೆ ಹೋಗುತ್ತಿದ್ದವು. ಗಿರಾಕಿಗಳು ಬಂದು ಅಮರೇಶಪ್ಪನ ಕೈಗುಣವನ್ನು ಹೊಗಳಿ ಹೋಗುತ್ತಿದ್ದರು. ಆ ಕೈ ಯಾರದೆಂದು ಗಲ್ಲಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

“ನಾನು ಹೇಳತಿದ್ನಿರಿ, ನಮ್ಮ ಮನಿಯಾಕಿ ಸುತ್ತಿದ್ದು ಅಂತ. ಮಂದಿ ನಗ್ತಿದ್ರು. ಚೇಷ್ಟಿ ಮಾಡಾಕತ್ತೀರಿ ಅಂತಿದ್ರು,” ಎಂದು ಅಮರೇಶಪ್ಪ ಜೋರು ದನಿಯಲ್ಲಿ ಹೇಳುತ್ತಾರೆ. ಅವರಿಗೆ ಕಿವಿ ಮಂದ. ಮದುವೆ, ಜಾತ್ರೆ, ಚುನಾವಣೆಯ ಭಾಷಣ ಎಂದು ವರ್ಷಗಟ್ಟಲೆ ಹಾರ್ನ್ ಸ್ಪೀಕರುಗಳ ಬುಡದಲ್ಲಿ ನಿಂತದ್ದರ ಫಲ. ಕಿವಿ ಹೋದಂತೆ ಗಿರಾಕಿಗಳೂ ಹೋದರು, ಅಂಗಡಿ ಮುಚ್ಚಿತು. ಆದರೆ ಮನೆಯ ಕೆಲಸ ನಿಲ್ಲಲಿಲ್ಲ. ತಾತನ ಕಾಲದ ಡಬ್ಬಿಗಳನ್ನು ಅಟ್ಟದಿಂದ ಇಳಿಸುವ ಹುಡುಗ ಹುಡುಗಿಯರು ಈಗ ವಿಳಾಸ ಕೇಳಿಕೊಂಡು ಈ ಮೂರನೇ ಮಹಡಿಗೇ ಬರುತ್ತಾರೆ. ಭವಾನಿ ಸುತ್ತುತ್ತಾರೆ, ಅಂಟಿಸುತ್ತಾರೆ. ತೇಗಕ್ಕೆ ಎಣ್ಣೆ ತಿಕ್ಕುವುದು, ಕಡೆಯಲ್ಲಿ ವೈರು ಬೆಸುಗೆ ಹಾಕುವುದು ಅಮರೇಶಪ್ಪನವರ ಪಾಲು. ಕೆಲಸವನ್ನು ಹೀಗೆ ಹಂಚಿಕೊಂಡದ್ದು ಮದುವೆಯಾದ ಹೊಸತರಲ್ಲಿ. ಇವತ್ತಿಗೂ ಬದಲಾಗಿಲ್ಲ.

ಭವಾನಿ ಎಡಚಿ. ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಮಾಸ್ತರರು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರಂತೆ. “ಬರಿಯೂದಕ್ಕ ಬಲಗೈ ರೂಢಿ ಆತು. ಬಡಸೂದಕ್ಕ ಅವ್ವ ರೂಢಿ ಮಾಡಿಸಿದ್ಲು. ಈ ಸಣ್ಣ ತಂತಿ ಮಾತ್ರ ಬಲಗೈಗೆ ಬಗ್ಗಲಿಲ್ಲ ನೋಡ್ರಿ. ಮೊದಲನೇ ಸಲ ಎಡಗೈಲೆ ಸುತ್ತಿ, ಇವರು ಬೈತಾರೇನೋ ಅಂತ ಹೆದರಿಕೊಂಡೇ ಕೊಟ್ಟೆ. ‘ಭಾಳ ಛಲೋ ಬಂದೈತಿ’ ಅಂದ್ರು. ಅವತ್ತಿಂದ ಇದಽ ಕೈ,” ಎಂದು ಎಡಗೈಯನ್ನು ಎತ್ತಿ ತೋರಿಸುತ್ತಾರೆ. ಹಿಡಿಕೆ ತಿರುಗಿಸಿ ತಂತಿ ಸುತ್ತುವ ಪುಟ್ಟ ಕೈಯಂತ್ರವನ್ನು ಅವರು ಬೇರೆಯವರಿಗಿಂತ ತಿರುಗಾಮುರುಗಾ ಇಟ್ಟುಕೊಂಡು ಕೂಡುತ್ತಾರೆ.

ಅವರ ಸಾಮಾನಿನ ಡಬ್ಬಿ ನೋಡಿದರೆ ಇದು ರಿಪೇರಿಯ ಡಬ್ಬಿ ಎಂದು ಯಾರೂ ಹೇಳಲಾರರು. ಹರಿದ ಕೋನಿಗೆ, ಎಂದರೆ ಸ್ಪೀಕರಿನ ಕಾಗದದ ಬಟ್ಟಲಿಗೆ, ತೇಪೆ ಹಾಕಲು ಗಾಳಿಪಟದ ಕಾಗದ. ಸಂಕ್ರಾಂತಿ ಮುಗಿದ ಮೇಲೆ ಬಾಲ್ಕನಿಗೆ ಬಂದು ಸಿಕ್ಕಿಕೊಂಡ ಗಾಳಿಪಟಗಳನ್ನು ಮಡಚಿ ಇಟ್ಟುಕೊಳ್ಳುತ್ತಾರೆ. ಅಷ್ಟು ಹಗುರ, ಅಷ್ಟು ಗಟ್ಟಿ ಕಾಗದ ಬೇರೆ ಇಲ್ಲವಂತೆ. ಕಾಯಿಲನ್ನು ನಟ್ಟನಡುವೆ ನಿಲ್ಲಿಸಲು ಹಳೆಯ ಎಕ್ಸ್‌ರೇ ಫಿಲಮ್ಮಿನ ಸಣ್ಣ ಪಟ್ಟಿಗಳು. ಅಂಟು ಒಣಗಿದ ಮೇಲೆ ಒಂದೊಂದೇ ಪಟ್ಟಿಯನ್ನು ಎಳೆದು ತೆಗೆಯಬೇಕು. “ಇದು ನಮ್ಮ ಅತ್ತಿಯವರ ಮೊಣಕಾಲ್ರಿ,” ಎಂದು ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. “ಇದ್ದಾಗ ಎದ್ದು ಒಂದು ಲೋಟ ನೀರು ಕೊಟ್ಟಾಕಿ ಅಲ್ಲ. ಈಗ ದಿನಾ ನನ್ನ ಕೂಡ ಕೆಲಸ ಮಾಡಾಕತ್ತಾಳ.”

ನಗು ಮುಗಿಸಿ ಮತ್ತೆ ಸ್ಪೀಕರಿಗೆ ಕಿವಿ ಕೊಟ್ಟರು. ಕರಕರ ಇಲ್ಲ. ಜೋಡಿಯ ಇನ್ನೊಂದರ ಕಾಯಿಲು ಕಂಪನಿಯಲ್ಲಿ ಸುತ್ತಿದ್ದು, ಗಟ್ಟಿಯಾಗಿದೆ. ಅದರ ಕೋನಿನ ಅಂಚನ್ನಷ್ಟೇ ಬದಲಿಸಿದ್ದಾರೆ. ಅಮರೇಶಪ್ಪನವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಕರಿ ಕನ್ನಡಕ ಬಂದಿದೆ, ಬೆಸುಗೆಯ ಹೊಗೆ ಹತ್ತಿರ ಸುಳಿಯಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ಈ ಸಲ ವೈರುಗಳನ್ನೂ ಭವಾನಿಯವರೇ ಜೋಡಿಸಿದರು.

ಗುರುವಾರ ನಾನೂ ಕಾಚಿಗುಡಕ್ಕೆ ಹೋದೆ. ಮಂದಾಕಿನಿಬಾಯಿಯವರ ಪಡಸಾಲೆ ತುಂಬಿತ್ತು. ಅವರು ಹಾಡಲು ಕೂಡುತ್ತಿದ್ದ ಜಾಗದಲ್ಲೇ ಜಮಖಾನೆ ಹಾಸಿ ಅವರನ್ನು ಕೂರಿಸಿ, ಎಡಬಲಕ್ಕೆ ಎರಡು ಡಬ್ಬಿ ಇಟ್ಟಿದ್ದರು. ಪೂರ್ವಿ ಕ್ಯಾಸೆಟ್ ಹಾಕಿದಳು. ದನಿ ಬಂತು. ಆದರೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ತೆಳ್ಳಗೆ, ಪೊಳ್ಳಾಗಿ, ಒಮ್ಮೆ ಕಿಟಕಿಯ ಕಡೆಯಿಂದ, ಒಮ್ಮೆ ಬೆನ್ನ ಹಿಂದಿನಿಂದ ಬಂದಂತೆ. ತಾಳ ಹಿಡಿದು ಸಿದ್ಧವಾಗಿದ್ದ ಹೆಣ್ಣುಮಕ್ಕಳು ಎಲ್ಲಿ ಸೇರಿಕೊಳ್ಳುವುದೆಂದು ಗೊತ್ತಾಗದೆ ಮುಖ ಮುಖ ನೋಡಿಕೊಂಡರು. ಮಂದಾಕಿನಿಬಾಯಿ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಪಕ್ಕದವರ ಕಡೆ ವಾಲಿ ಪಿಸುದನಿಯಲ್ಲಿ, “ನಾ ಹಿಂಗಽ ಹಾಡ್ತಿದ್ನೇನು?” ಎಂದರು.

ಭವಾನಿಯವರ ಮುಖ ಕಳಾಹೀನವಾಯಿತು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಕೇಳಿಸಿದರು, ಅದೂ ಚೆನ್ನಾಗಿದೆ, ಇದೂ ಚೆನ್ನಾಗಿದೆ. ಎರಡೂ ಕೂಡಿದರೆ ಮತ್ತೆ ಅದೇ ಪೊಳ್ಳು. “ನನ್ನ ಕಾಯಿಲಽ ಸರಿ ಬಂದಿಲ್ರಿ ಬಾಯಾರ. ನನಗ ಆಗಲಿಲ್ಲ. ತಪ್ಪು ತಿಳೀಬ್ಯಾಡ್ರಿ,” ಎಂದು ಡಬ್ಬಿಯನ್ನು ಎತ್ತಿಕೊಳ್ಳಲು ಬಗ್ಗಿದರು.

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮರೇಶಪ್ಪನವರಿಗೆ ಹಾಡು ಹೇಗೂ ಸರಿಯಾಗಿ ಕೇಳಿಸಿರಲಿಲ್ಲ. ಆದರೆ ಮುಖಗಳು ಕಾಣುತ್ತಿದ್ದವು. “ಬೆಸುಗಿ ಯಾರು ಹಾಕಿದ್ದು?” ಎಂದು ಕೇಳಿದರು. ಭವಾನಿ ಅವರ ಕಿವಿಗೆ ಬಾಯಿಟ್ಟು, “ನಾನ್ರಿ! ನಿಮಗ ಹೊಗಿ ಬ್ಯಾಡ ಅಂದಾರಲ್ಲ!” ಎಂದು ಕೂಗಿದರು. ಅಮರೇಶಪ್ಪ ನಕ್ಕುಬಿಟ್ಟರು. ಗೋಡೆ ಗಡಿಯಾರದ ಸೆಲ್ಲನ್ನು ಬಿಚ್ಚಿಸಿ ತರಿಸಿಕೊಂಡರು. ಡಬ್ಬಿಗಳ ಮುಂದಿನ ಜಾಲರಿ ತೆಗೆಸಿ, ಹಿಂದಿನ ವೈರು ಬಿಡಿಸಿ, ಹೆಂಡತಿಯ ಎಡಗೈ ಬೆರಳನ್ನು ಮೊದಲ ಕೋನಿನ ಮೇಲೆ ಇಡಿಸಿದರು. ಸೆಲ್ಲನ್ನು ಹಿಂದೆ ತಾಗಿಸಿದಾಗ ಕೋನು ಟಕ್ ಎಂದು ಮುಂದೆ ಬಂದು ಬೆರಳನ್ನು ದೂಡಿತು. ಭವಾನಿ ಸುತ್ತಿದ ಇನ್ನೊಂದಕ್ಕೂ ಹಾಗೆಯೇ ತಾಗಿಸಿದರು. ಅದು ಬೆರಳನ್ನು ಬಿಟ್ಟು ಒಳಗೆ ಸರಿಯಿತು. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಎರಡರ ದನಿಯೂ ಒಂದನ್ನೊಂದು ತಿಂದುಹಾಕುತ್ತದೆ. ಎಡಗೈಯಲ್ಲಿ ಸುತ್ತಿದ ಕಾಯಿಲು ಕಂಪನಿಯ ಕಾಯಿಲಿಗೆ ಉಲ್ಟಾ ದಿಕ್ಕಿನದು ಎಂಬುದು ಅಷ್ಟರಲ್ಲಿ ನಮ್ಮೆಲ್ಲರಿಗೂ ತಿಳಿಯಿತು.

ಅಮರೇಶಪ್ಪ ಹೆಚ್ಚೇನೂ ಮಾಡಲಿಲ್ಲ. ಭವಾನಿಯವರ ಡಬ್ಬಿಯ ಹಿಂದಿನ ಎರಡು ವೈರುಗಳನ್ನು ಅದಲು ಬದಲು ಮಾಡಿ ಸಿಕ್ಕಿಸಿ, ಹಾಕು ಎಂಬಂತೆ ಪೂರ್ವಿಗೆ ಕೈಸನ್ನೆ ಮಾಡಿದರು.

ಈಗ ದನಿ ನಟ್ಟನಡುವೆ ಬಂದು ನಿಂತಿತು. ಎಡದ ಡಬ್ಬಿಯಿಂದಲ್ಲ, ಬಲದ್ದರಿಂದಲ್ಲ, ಎರಡರ ಮಧ್ಯೆ, ಜಮಖಾನೆಯ ಮೇಲೆ ಮಂದಾಕಿನಿಬಾಯಿ ಕೂತಿದ್ದಲ್ಲಿಂದಲೇ. ತುಂಬಿದ, ಸ್ವಲ್ಪ ಜಬರ್ದಸ್ತಿನ ದನಿ. ಹೆಣ್ಣುಮಕ್ಕಳೆಲ್ಲ ತಾವಾಗಿ ಅವರ ಕಡೆ ತಿರುಗಿದರು. ಅವರ ತುಟಿಗಳು ಪದಕ್ಕೆ ಸರಿಯಾಗಿ ಆಡತೊಡಗಿದವು. ಎರಡನೇ ನುಡಿಗೆ ಮಂಡಳಿ ಹಿಡಿದುಕೊಂಡಿತು. ಸುಳ್ಳು ಯಾಕೆ ಹೇಳಲಿ, ಟಿಪ್ಪಣಿ ಬರೆದುಕೊಳ್ಳಲು ನನಗೆ ಕಣ್ಣು ಕಾಣಲಿಲ್ಲ. ಪದ ಮುಗಿದಾಗ ಮಂದಾಕಿನಿಬಾಯಿ ಭವಾನಿಯವರನ್ನು ಹತ್ತಿರ ಕರೆದು ಅವರ ಎರಡೂ ಕೈ ಹಿಡಿದುಕೊಂಡು ಕೂತರು.

ಭವಾನಿಯವರಿಗೆ ಮಾತ್ರ ಇನ್ನೊಂದು ಲೆಕ್ಕ ಚುಕ್ತಾ ಆಗಬೇಕಿತ್ತು. ಪ್ರಸಾದದ ತಟ್ಟೆ ಹಿಡಿದು ಗಂಡನ ಹತ್ತಿರ ಹೋದವರು ಪಡಸಾಲೆಗೆಲ್ಲ ಕೇಳುವಂತೆ, “ನನ್ನ ಕಾಯಿಲ್ ಯಾವಾಗಿಂದ ಉಲ್ಟಾರಿ?” ಎಂದರು.

“ಮೊದಲನೇದರಿಂದ.”

“ಮತ್ತ ಇಷ್ಟು ವರ್ಷ?”

“ನಾನಽ ವೈರ್ ಬದಲ ಮಾಡತಿದ್ದೆ.”

“ಒಂದು ಮಾತು ಹೇಳಬಾರದೇನ್ರಿ?”

ಅಮರೇಶಪ್ಪ ಬಾಯಲ್ಲಿದ್ದ ಅವಲಕ್ಕಿ ನುಂಗಿ ಹೇಳಿದರು: “ಹೇಳಿದ್ರ ನೀ ಬಲಗೈಲೆ ಸುತ್ತಾಕ ಹೋಗತಿದ್ದಿ. ನಿನ್ನ ಎಡಗೈಗೆ ಪೆಟ್ಟು ಬಿದ್ದಿದ್ದು ಸಾಕಾಗಿತ್ತು. ಎರಡು ವೈರ್ ಬದಲ ಮಾಡೋದೇನು ದೊಡ್ಡ ಕೆಲಸ?”

ಭವಾನಿ ತಮ್ಮ ತಟ್ಟೆಯಲ್ಲಿದ್ದ ಸಿಹಿಯನ್ನೂ ಅವರ ತಟ್ಟೆಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಫೋಟೊ ಬೇಕೆಂದು ಮೊನ್ನೆ ಮತ್ತೆ ಕೂಕಟ್‌ಪಲ್ಲಿಗೆ ಹೋಗಿದ್ದೆ. ಇನ್ಯಾರದೋ ಜೋಡಿ ಬಂದಿದೆ. ಅಮರೇಶಪ್ಪನವರ ಕರಿ ಕನ್ನಡಕ ಹೋಗಿದೆ, ತೇಗಕ್ಕೆ ಎಣ್ಣೆ ತಿಕ್ಕುತ್ತಾ ಕೂತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ನಮ್ಮ ಪತ್ರಿಕೆಯ ಮಂದಿ ಕೇಳುವ ಮಾಮೂಲಿ ಪ್ರಶ್ನೆಯನ್ನು ಭವಾನಿಯವರಿಗೆ ಕೇಳಿದೆ. “ಕೈ ನಡುಗದಂಗ ಇರ್ಲಿ, ಮತ್ತೇನ್ರಿ,” ಎಂದರು. ಅವರು ಅಂಟಿಸಿದ ಕಾಯಿಲು ಒಣಗಿ ಕೂತಿತ್ತು. ಉಲ್ಟಾ ಸುತ್ತು ಗೊತ್ತಾಯಿತಲ್ಲ, ಇನ್ನು ಮೇಲೆ ವೈರು ನೀವೇ ಜೋಡಿಸಬಹುದು ಎಂದೆ.

ಭವಾನಿ ಸ್ಪೀಕರನ್ನು ಗಂಡನ ಮುಂದಕ್ಕೆ ಸರಿಸಿದರು. ನನ್ನ ಕಡೆ ತಿರುಗಿ, ಅವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: “ಬರತೈತಿ ಈಗ. ಆದ್ರ ಆ ಎರಡು ವೈರು ಅವರದ್ರಿ. ಅದನ್ನ ನಾ ಮುಟ್ಟಂಗಿಲ್ಲ.”