ಚಿನೋವೆತ್ ಮನೆತನದ ಡೆನ್ಜಿಲ್

ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮೇಲಿನ ಮನೆಯವರು ಡೆನ್ಜಿಲ್ ಚಿನೋವೆತ್. ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ರೈಲ್ವೆ ಗಾರ್ಡ್ ಆಗಿ ಈ ಬಂಗಾಳಿಗಳ ಊರಿಗೆ ಬಂದು ಇಲ್ಲೇ ನಿಂತವರು. ನನ್ನ ತವರು ಬಂಗಾರಪೇಟೆ ಎಂದು ತಿಳಿದ ದಿನದಿಂದ ನನಗೆ ಅಕ್ಕ ಅನ್ನುತ್ತಾರೆ.

ಅವರ ಮುತ್ತಾತ ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬ ಸೀಮೆಯಿಂದ ಗಣಿ ಕೆಲಸಕ್ಕೆ ಬಂದವನಂತೆ. ಉಳಿದದ್ದು ಹೆಸರೊಂದೇ. ಅದಕ್ಕೆ ಅರ್ಥವೇನು, ಆ ಹೆಸರಿನ ನಮ್ಮವರು ಅಲ್ಲಿ ಇನ್ನೂ ಇದ್ದಾರೆಯೇ? ಡೆನ್ಜಿಲ್ಲರಿಗೆ ಜೀವಮಾನವಿಡೀ ಅದೇ ಹಂಬಲ. ರೈಲ್ವೆಯವರು ಮಾತ್ರ ನಿವೃತ್ತಿಯಾಗುವವರೆಗೂ ‘ಚೀನಾ ಸಾಹೇಬ್’ ಎಂದೇ ಕರೆದರು.

ಮಗಳು ಗ್ಲೋರಿಯಾ ಸೆಕ್ಟರ್ ಫೈವಿನ ಕಾಲ್ ಸೆಂಟರಿಗೆ ಸೇರಿದಳು. ಇಂಗ್ಲೆಂಡಿನವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ಮೊದಲ ದಿನವೇ ಅವಳ ಹೆಸರು ಬದಲಾಯಿಸಿದರು.

“ಜೆನ್ನಿ ಬ್ರೌನ್ ಅಂತೆ ಅಕ್ಕ! ದೊರೆಗಳ ನಾಲಿಗೆ ತಿರುಗಲ್ಲಂತ ದೊರೆಗಳ ಹೆಸರನ್ನೇ ಕಿತ್ತಾಕವ್ರೆ!” ಎಂದು ಡೆನ್ಜಿಲ್ ಸಿಡುಕಿದರು.

ಒಂದು ಬೆಳಿಗ್ಗೆ ನಮ್ಮಲ್ಲಿ ಚಹಾ ಕುಡಿಯುವಾಗ ಗ್ಲೋರಿಯಾ ಮೆಲ್ಲಗೆ ಬಾಯಿ ಬಿಟ್ಟಳು. ಹಿಂದಿನ ದಿನ ಕಾರ್ನ್‌ವಾಲಿನಿಂದ ಒಬ್ಬ ಮುದುಕ ಫೋನ್ ಮಾಡಿದ್ದ. ಕಂಪ್ಯೂಟರಿನಲ್ಲಿ ಅವನ ಹೆಸರು ಬಂತು: ಚಿನೋವೆತ್.

“ನಾನು ಕರೆಕ್ಟಾಗಿ ಹೇಳ್ದೆ ಆಂಟಿ. ಅವರು ಫುಲ್ ಖುಷಿ. ಲಂಡನ್‌ನೋರಿಗೇ ಬರಲ್ಲ, ನಿಂಗೆ ಹೇಗೆ ಬಂತು ಮಿಸ್ ಬ್ರೌನ್ ಅಂದ್ರು.”

ಡೆನ್ಜಿಲ್ ಲೋಟ ಕೆಳಗಿಟ್ಟರು. “ನೀನೇನಂದೆ?”

“ಮೀನಿಂಗ್ ಕೇಳ್ದೆ. ಅವರ ಹಳೇ ಭಾಷೇಲಿ ‘ಹೊಸ ಮನೆ’ ಅಂತೆ. ಅಲ್ಲಿದ್ದೋರಿಗೆ ಮನೆ ಹೆಸರೇ ಅಂಟ್ಕೊಂತಂತೆ.”

“ಧಾರವಾಡದ ಕಡೆ ಹೊಸಮನಿಯವರು ಇಲ್ವೇ, ಹಾಗೇ,” ಎಂದೆ. ಡೆನ್ಜಿಲ್ ಕಿವಿಗೆ ಹಾಕಿಕೊಳ್ಳಲಿಲ್ಲ.

“ನಾನೂ ಚಿನೋವೆತ್ ಅಂತ ಹೇಳ್ದೆ ತಾನೆ?”

“ಹೇಗೆ ಹೇಳ್ಲಿ ಡ್ಯಾಡಿ? ಟೀಮ್ ಲೀಡರ್ ಕೇಳಿಸ್ಕೊಳ್ತಿದ್ರು. ರಿಯಲ್ ನೇಮ್ ಹೇಳಿದ್ರೆ ಜಾಬ್ ಹೋಗುತ್ತೆ.”

“ಫೋನ್ ನಂಬರ್ರು?”

“ಹೊರಗೆ ತರೋ ಹಾಗಿಲ್ಲ.”

“ಇಷ್ಟು ಕಾಲ ಆದ್ಮೇಲೆ ನಮ್ಮೋನು ಒಬ್ಬ ಸಿಕ್ದ. ಅವ್ನ ಹತ್ರ ನೀನು ಬ್ರೌನ್!”

ಚಹಾ ಹಾಗೇ ಆರಿತು.

ಈಗ ಮನೆಯ ಫೋನು ಬಡಿದುಕೊಂಡರೆ ಡೆನ್ಜಿಲ್ಲರೇ ಓಡಿ ಎತ್ತುತ್ತಾರೆ. “ಚಿನೋವೆತ್ ಸ್ಪೀಕಿಂಗ್!” ಎಂಬ ಕೂಗು ನಮ್ಮ ಅಡುಗೆಮನೆಗೂ ಕೇಳುತ್ತದೆ. ಆ ಕಡೆ ಕ್ರೆಡಿಟ್ ಕಾರ್ಡ್ ಮಾರುವ ಯಾವಳೋ ಹುಡುಗಿ. ಹೆಸರು ಇನ್ನೊಮ್ಮೆ ಹೇಳಿ ಸರ್ ಅಂದಳೋ, ಮುಗಿಯಿತು.

“ಮೊದ್ಲು ನಿನ್ನ ನಿಜವಾದ ಹೆಸರು ಹೇಳಮ್ಮ!” ಎಂದು ಗದರಿ ಫೋನು ಕುಕ್ಕುತ್ತಾರೆ.