ಗುಸ್ತಿರ್ನದ ವಾರಸುದಾರರು

ದೊಬ್ರಿಲಾ ಓಸ್ತೊಯಿಚ್ ಹೋದ ಮಂಗಳವಾರ ಸ್ಪ್ಲಿಟ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅರವತ್ತೊಂದು ವರ್ಷವಾಗಿತ್ತು. ನೌಕಾ ಕಾಲೇಜಿನಲ್ಲಿ ನಕ್ಷತ್ರ ನೋಡಿ ಹಡಗಿನ ದಾರಿ ಲೆಕ್ಕ ಹಾಕುವುದನ್ನು ಕಲಿಸುತ್ತಿದ್ದಳು. ಗುರುವಾರ ಬ್ರಾಚ್ ದ್ವೀಪದ ಅವಳ ಊರಿನಲ್ಲೇ ಮಣ್ಣು ಮಾಡಿದರು. ಅದೇ ಕಾಲೇಜಿನ ಗ್ರಂಥಪಾಲಕ ಯೆರ್ಕೊ ಶವಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟ. ಮೂವತ್ತು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ ಗೆಳತಿ ಇಷ್ಟು ಹಗುರವಾಗಿದ್ದಾಳೆ ಎನ್ನುವುದನ್ನು ಅವನ ಹೆಗಲು ನಂಬಲಿಲ್ಲ.

ಮಣ್ಣಿಗೆ, ಅವಳ ಒಂದು ಸಹಿಗಾಗಿ ಕಾದಿದ್ದ ಕಂಪನಿಯವನೂ ಬಂದಿದ್ದ. ಎಲ್ಲರಿಗಿಂತ ದೊಡ್ಡ ಹೂಚಕ್ರ ಅವನದೇ. ಎಲ್ಲ ಮುಗಿದ ಮೇಲೆ ದೊಬ್ರಿಲಾಳ ತಮ್ಮ ಪ್ರೊಶ್ಪೆರ್‌ನನ್ನು ಸೈಪ್ರೆಸ್ ಮರದ ನೆರಳಿಗೆ ಕರೆದು ಏನೋ ಹೇಳಿದ. ಪ್ರೊಶ್ಪೆರ್ ಜೋರಾಗಿ ನಕ್ಕುಬಿಟ್ಟ. ಒಡಹುಟ್ಟಿದವಳ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿರುವಾಗ ನಗುವವನನ್ನು ಊರಿನ ಮುದುಕಿಯರು ಕಣ್ಣಲ್ಲೇ ಸುಟ್ಟರು. ಆದರೆ ಆ ನಗು ಅಕ್ಕ ಅವನಿಗೆ ಬಿಟ್ಟುಹೋದದ್ದು.

ಗುಸ್ತಿರ್ನ ಎಂದರೆ ಆ ದ್ವೀಪಗಳಲ್ಲಿ ಮಳೆನೀರು ಹಿಡಿದಿಡುವ ಊರೊಟ್ಟಿನ ತೊಟ್ಟಿ. ಯಾರು ಬೇಕಾದರೂ ಸೇದಿಕೊಳ್ಳಬಹುದು. ವರ್ಷಕ್ಕೊಮ್ಮೆ ಎಲ್ಲರೂ ಇಳಿದು ತೊಳೆಯಬೇಕು. ಇಪ್ಪತ್ತು ವರ್ಷದ ಹಿಂದೆ ಈ ತೀರದ, ಗ್ರೀಸಿನ, ಮಾಲ್ಟಾದ, ಪೋರ್ಚುಗಲ್ಲಿನ ಕೆಲವು ಬಡ ಕಾಲೇಜುಗಳು ಸೇರಿ ಪಾಠಕ್ಕೆ, ಪರೀಕ್ಷೆಗೆ, ಅಂಕಪಟ್ಟಿಗೆ ತಮ್ಮದೇ ಒಂದು ತಂತ್ರಾಂಶ ಬರೆದುಕೊಂಡವು. ಅದಕ್ಕೆ ಈ ಹೆಸರಿಟ್ಟವಳು ದೊಬ್ರಿಲಾ. ಬರೆದ ಸಾಲೆಲ್ಲ ಲೋಕಕ್ಕೆ ತೆರೆದಿತ್ತು. ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು. ತಿದ್ದಿ ಹಂಚುವುದಾದರೆ ತಿದ್ದುಪಡಿಯನ್ನೂ ಹಾಗೆಯೇ ಎಲ್ಲರಿಗೂ ಬಿಟ್ಟುಕೊಡಬೇಕಿತ್ತು. ಷರತ್ತು ಅದೊಂದೇ.

ಅದರೊಳಗೆ ಅವಳು ಬರೆದ ಭಾಗಕ್ಕೆ ಎಲ್ಲರೂ ‘ಗಂಟು’ ಎನ್ನುತ್ತಿದ್ದರು. ಕಾಲೇಜಿನ ಅರ್ಧ ವಿದ್ಯಾರ್ಥಿಗಳು ಹಡಗಿನ ಮೇಲೆ ದುಡಿಯುತ್ತಲೇ ಓದುವವರು. ನಡುಗಡಲಲ್ಲಿ ಪರೀಕ್ಷೆ ಬರೆಯುತ್ತಿರುವಾಗ ಸಂಪರ್ಕ ಕಡಿದುಹೋದರೆ ಬರೆದ ಉತ್ತರವೆಲ್ಲ ನೀರುಪಾಲು. ಹಾಗೆ ಫೇಲಾದ ಒಬ್ಬ ಹುಡುಗಿ ಓದು ಬಿಟ್ಟು ಹಡಗಿನ ಅಡುಗೆಮನೆಯಲ್ಲೇ ಉಳಿದಾಗ ದೊಬ್ರಿಲಾಗೆ ತಡೆಯಲಾಗದ ಸಿಟ್ಟು ಬಂತು. ಯೆರ್ಕೊ ಹುಡುಕಿಕೊಟ್ಟ ಪುಸ್ತಕಗಳಿಂದ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಕಡಿದ ದಾರವನ್ನು ತಾನೇ ಹುಡುಕಿ ಮತ್ತೆ ಕಟ್ಟುವ, ಒಂದು ಅಕ್ಷರವೂ ಕಳೆಯದ ಹಾಗೆ ಉತ್ತರವನ್ನು ದಡ ಮುಟ್ಟಿಸುವ ಭಾಗ ಅದು. ಬರಬರುತ್ತ ಗುಸ್ತಿರ್ನದ ಪ್ರತಿಯೊಂದು ಮೂಲೆಯೂ ಆ ಗಂಟಿಗೆ ಜೋತುಬಿತ್ತು.

ಆಗ ವಿಭಾಗದ ಮುಖ್ಯಸ್ಥನಾಗಿದ್ದ ಲ್ಯುಬೊಮಿರ್ ಎಲ್ಲರ ಎದುರಿಗೆ ಹೇಳಿದ್ದ: “ಇದು ನಿಮ್ಮ ಹೆಣಿಗೆ ಕೆಲಸ, ಮೇಡಂ. ಕಾಲೇಜಿನ ಹೊತ್ತಲ್ಲಿ ಹೆಣೀಬೇಡಿ.”

ಅವಳು ಹೆಣೆಯಲಿಲ್ಲ. ಮನೆಯಲ್ಲಿ, ರಜೆಯಲ್ಲಿ, ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಕೂತು ಬರೆದಳು. ಹೀಗಾಗಿ ಆ ಗಂಟಿನ ಹಕ್ಕು ಕಾಲೇಜಿನದಾಗದೆ ಅವಳದೇ ಆಗಿ ಉಳಿಯಿತು.

ಮುಂದೆ ಲ್ಯುಬೊಮಿರ್ ಡೀನ್ ಆದ. ಹೋದ ವರ್ಷ ಉತ್ತರದ ಒಂದು ಕಂಪನಿ ಬಂತು. ಗುಸ್ತಿರ್ನವನ್ನು ತಾನು ವಹಿಸಿಕೊಳ್ಳುತ್ತೇನೆ, ಹೊಸದಾಗಿ ಸಿಂಗರಿಸುತ್ತೇನೆ, ಮುಂದಿನ ಆವೃತ್ತಿಗಳನ್ನು ಮಾತ್ರ ಮುಚ್ಚಿದ ಬಾಗಿಲಿನ ಹಿಂದೆ ಬರೆದು ಕಾಲೇಜುಗಳಿಗೆ ಬಾಡಿಗೆಗೆ ಕೊಡುತ್ತೇನೆ ಎಂದಿತು. ಹಾಗೆ ಬಾಗಿಲು ಮುಚ್ಚಲು ಬರೆದವರೆಲ್ಲರ ಒಪ್ಪಿಗೆ ಬೇಕು. ದಣಿದಿದ್ದವರು ಒಬ್ಬೊಬ್ಬರಾಗಿ ಒಪ್ಪಿದರು. ಉಳಿದವಳು ದೊಬ್ರಿಲಾ ಒಬ್ಬಳೇ. ಅವಳ ಗಂಟನ್ನು ಕಿತ್ತು ಬೇರೆ ಬರೆಯಲು ಕಂಪನಿ ಒಂದು ಚಳಿಗಾಲವೆಲ್ಲ ಒದ್ದಾಡಿ ಸೋತಿತು.

ಡೀನ್ ಅವಳನ್ನು ಕರೆಸಿದ. ಸಾಕ್ಷಿಗಿರಲಿ ಎಂದು ಅವಳು ಯೆರ್ಕೊನನ್ನೂ ಎಳೆದುಕೊಂಡು ಹೋದಳು.

“ದೊಬ್ರಿಲಾ, ಒಂದು ಸಹಿ. ಅಷ್ಟೇ,” ಅಂದ ಲ್ಯುಬೊಮಿರ್.

“ಹೆಣಿಗೆ ಕೆಲಸಕ್ಕೆ ಸಹಿ ಯಾಕೆ ಡೀನ್ ಸಾಹೇಬ್ರೇ? ಒಂದು ಕಾಲುಚೀಲ ಹೆಣೆದು ಕೊಡ್ತೀನಿ, ಕಂಪನಿಗೆ ಕಳ್ಸಿ.”

“ತಮಾಷೆ ಬಿಡಿ. ಹೋದ ಪರೀಕ್ಷೇಲಿ ಸರ್ವರ್ ಕೆಟ್ಟು ಕೂತಾಗ ಎಬ್ಬಿಸಿದ್ಯಾರು? ನೀವು. ಅದಕ್ಕೆ ಮುಂಚೆ? ಅದೂ ನೀವೇ. ಸಮುದಾಯ ಸಮುದಾಯ ಅಂತೀರಲ್ಲ, ಎಲ್ಲಿದೆ ಸಮುದಾಯ? ನಾಳೆ ನೀವಿಲ್ಲ ಅಂದ್ರೆ ಮಕ್ಕಳು ಯಾರ ಮನೆ ಬಾಗಿಲು ತಟ್ಬೇಕು?”

“ಕಂಪನಿ ಬಾಗಿಲು ಮುಚ್ಚಿದ ದಿನ ಯಾರ ಬಾಗಿಲು ತಟ್ತೀರೋ ಅವರದ್ದೇ,” ಎಂದು ಅವಳು ಎದ್ದಳು. ಮೆಟ್ಟಿಲಲ್ಲಿ ಮಾತ್ರ ಕಂಬಿ ಹಿಡಿದು ನಿಂತುಬಿಟ್ಟಳು.

“ಅವನು ಹೇಳಿದ್ದು ಸುಳ್ಳಲ್ಲ ಕಣೋ ಯೆರ್ಕೊ. ನಾನಿರಲ್ಲ. ಡಾಕ್ಟ್ರು ಬೇಸಿಗೆ ದಾಟೋದು ಕಷ್ಟ ಅಂದಿದ್ದಾರೆ.”

ಯೆರ್ಕೊಗೆ ಆ ಸುದ್ದಿ ತಿಳಿದದ್ದು ಹೀಗೆ, ಮೆಟ್ಟಿಲ ಮೇಲೆ. ಅವಳು ಮುಂದುವರಿಸಿದಳು: “ಕಂಪನಿಯವನಿಗೂ ಹೇಗೋ ಗೊತ್ತಾಗಿದೆ. ಅದಕ್ಕೇ ಇತ್ತೀಚೆಗೆ ಒತ್ತಾಯ ಮಾಡ್ತಿಲ್ಲ, ಕಾಯ್ತಿದ್ದಾನೆ. ನಾನು ಹೋದ್ರೆ ಹಕ್ಕು ಪ್ರೊಶ್ಪೆರ್‌ಗೆ. ಅವನು ದೋಣಿಗೆ ಹೊಸ ಎಂಜಿನ್ ಕೊಡಿಸ್ತೀವಿ ಅಂದ್ರೆ ಸಾಕು, ನನ್ನ ಗೋರಿಕಲ್ಲಿನ ಮೇಲೂ ಸಹಿ ಹಾಕಿಕೊಡ್ತಾನೆ.”

ಮುಂದಿನ ಭಾನುವಾರ ಇಬ್ಬರೂ ದ್ವೀಪಕ್ಕೆ ಹೋದರು. ಪ್ರೊಶ್ಪೆರ್ ಉಪ್ಪುಮೀನು, ಬೇಯಿಸಿದ ಸೊಪ್ಪು ಆಲೂಗಡ್ಡೆ ಬಡಿಸಿ, ದ್ರಾಕ್ಷಾರಸಕ್ಕೆ ನೀರು ಬೆರೆಸಿ, ಎಂದಿನಂತೆ ಕೊಲ್ಲಿಯ ಪಕ್ಕದ ಹೊಲವನ್ನು ಶಪಿಸಲು ಶುರುಮಾಡಿದ. ಮುತ್ತಾತನ ಹೊಲ ಅದು; ಕಲ್ಲು, ನಾಲ್ಕು ಆಲಿವ್ ಮರ. ಹೋಟೆಲ್ ಕಟ್ಟುವವರು ನಲವತ್ತು ವರ್ಷದಿಂದ ಕೇಳುತ್ತಲೇ ಇದ್ದರು; ಮಾರಲು ಪಾಲುದಾರರೆಲ್ಲರ ಸಹಿ ಬೇಕಿತ್ತು.

“ಈ ಸಲವೂ ಆಗ್ಲಿಲ್ಲ,” ಅಂದ. “ಚಿಲಿಯಲ್ಲಿದ್ದ ನಮ್ಮ ದಾಯಾದಿ ಲುಸಿಯಾ ಸತ್ತಳಂತೆ. ಅವಳ ಒಂದು ಪಾಲು ಈಗ ಏಳು ಜನಕ್ಕೆ. ಅದರಲ್ಲೊಬ್ಬ ಪಾದ್ರಿಯಂತೆ, ಎಲ್ಲಿದ್ದಾನೋ ದೇವರಿಗೇ ಗೊತ್ತು! ನ್ಯೂಜಿಲೆಂಡಿನವರು ಕಾಗದಕ್ಕೆ ಉತ್ತರಾನೇ ಕೊಡಲ್ಲ. ಒಂದು ಆಲಿವ್ ಮರಕ್ಕೆ ಹದಿನಾರು ಜನ ಒಡೆಯರು! ಸೈತಾನ ಬಂದ್ರೂ ಅದನ್ನ ಕೊಳ್ಳಕ್ಕಾಗಲ್ಲ.”

ದೊಬ್ರಿಲಾ ಮುಳ್ಳು ಬಿಡಿಸುತ್ತಿದ್ದವಳು ನಿಲ್ಲಿಸಿದಳು. “ಇನ್ನೊಂದ್ಸಲ ಹೇಳು.”

“ಏನನ್ನ?”

“ಸೈತಾನ ಬಂದ್ರೂ…”

“ಕೊಳ್ಳಕ್ಕಾಗಲ್ಲ ಅಂದೆ. ನಿಂಗೆ ನಗು ಯಾಕೆ? ನಿನ್ನ ಪಾಲೂ ಇದೆ ಅದರಲ್ಲಿ!”

ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು, ನೋವಿಗೋ ನಗುವಿಗೋ ತಿಳಿಯದ ಹಾಗೆ. ಆಮೇಲೆ ತಮ್ಮನ ಕೈಹಿಡಿದು ಗಂಟಿನ ವಿಷಯ, ಕಂಪನಿಯ ವಿಷಯ, ಕಾಯಿಲೆಯ ವಿಷಯ ಎಲ್ಲವನ್ನೂ ಹೇಳಿದಳು. ಗಂಟಿನ ಹಕ್ಕನ್ನು ತಮ್ಮನಿಗೆ ಬಿಡುವುದಿಲ್ಲ. ತಾನು ಸಾಯುವ ದಿನ ಗುಸ್ತಿರ್ನದ ಕೆಲಸಗಾರರ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರಿಗೂ ಸಮಪಾಲು ಎಂದು ಉಯಿಲು ಬರೆಸುತ್ತೇನೆ ಎಂದಳು. ಪ್ರೋಗ್ರಾಮ್ ಬರೆದವರು, ಗ್ರೀಕಿಗೋ ಮಾಲ್ಟೀಸಿಗೋ ಅನುವಾದಿಸಿದವರು, ನಡುಗಡಲಿಂದ ತಪ್ಪು ಹುಡುಕಿ ಕಳಿಸಿದ ಹುಡುಗ ಹುಡುಗಿಯರು ಎಲ್ಲರೂ ಆ ಪಟ್ಟಿಯಲ್ಲಿದ್ದರು. ಅವರಲ್ಲಿ ಅರ್ಧ ಜನ ಯಾವಾಗಲೂ ಯಾವುದಾದರೊಂದು ಸಾಗರದ ಮೇಲೆ.

ಪ್ರೊಶ್ಪೆರ್ ತಟ್ಟೆ ಪಕ್ಕಕ್ಕೆ ಸರಿಸಿದ. “ಹಾಗಾದ್ರೆ ನಂಗೇನು?”

“ಹೊಲದಲ್ಲಿ ನನ್ನ ಪಾಲು.”

“ಅಯ್ಯೋ, ಆ ದರಿದ್ರ ಹೊಲಾನಾ! ಸಾಯೋವಾಗಲೂ ನಿನ್ನ ಬುದ್ಧಿ ಬಿಡಲ್ವಲ್ಲ ಅಕ್ಕಾ.” ಬೈಯುತ್ತಲೇ ಅವನು ಎದ್ದು ಒಲೆಯ ಕಡೆ ತಿರುಗಿ ನಿಂತ. ಇತ್ತ ಮುಖ ಮಾಡಲು ತುಸು ಸಮಯ ಬೇಕಾಯಿತು.

ಉಯಿಲು ಬರೆದ ನೋಟರಿ ತಲೆ ಚಚ್ಚಿಕೊಂಡನಂತೆ: “ಮೇಡಂ, ಇಷ್ಟು ಜನ ವಾರಸುದಾರರಿದ್ರೆ ಮುಂದೆ ಯಾರೂ ಏನೂ ಮಾಡಕ್ಕಾಗಲ್ಲ.”

“ಮುಚ್ಚಕ್ಕಾಗಲ್ಲ ಅಷ್ಟೇ,” ಅಂದಳು ದೊಬ್ರಿಲಾ. “ಬರೆಯಕ್ಕೆ, ತಿದ್ದಕ್ಕೆ ಈಗಲೂ ಯಾರನ್ನೂ ಕೇಳಬೇಕಾಗಿಲ್ಲ. ಆ ಬಾಗಿಲು ತೆರೆದು ಇಪ್ಪತ್ತು ವರ್ಷ ಆಯ್ತು.”

ಡೀನನ ಮಾತು ಮಾತ್ರ ಅವಳನ್ನು ಕೊರೆಯುತ್ತಿತ್ತು. ಹಕ್ಕು ಹಂಚಿದರೆ ತೊಟ್ಟಿ ಮಾರಿಹೋಗದೆ ಉಳಿಯುತ್ತದೆ, ಸರಿ. ಇಳಿದು ತೊಳೆಯುವವರು? ಆ ಬೇಸಿಗೆ ಆಸ್ಪತ್ರೆಯ ಹಾಸಿಗೆಯಿಂದಲೇ ಅವಳು ಊರೂರಿನವರನ್ನು ಪೀಡಿಸಿದಳು. ಸಹಿ ಹಾಕಿಕೊಟ್ಟಿದ್ದವರಿಗೆ ಫೋನು ಮಾಡಿ ಬೈದಳು. ಬೈದ ಮೇಲೆ ಒಂದೊಂದು ಕೆಲಸ ಹಚ್ಚಿದಳು. ಸರ್ವರ್ ಎಬ್ಬಿಸುವ ಪಾಳಿ ಮಾಲ್ಟಾದವರಿಗೆ ಹೋಯಿತು. ಗಂಟನ್ನು ನೋಡಿಕೊಳ್ಳುವ ಕೆಲಸವನ್ನು ಹಿಂದೊಮ್ಮೆ ಫೇಲಾಗಿ ಅಡುಗೆಮನೆ ಸೇರಿದ್ದ ಆ ಹುಡುಗಿ ಕೇಳಿ ಪಡೆದಳು. ಗಂಟು ಬಂದ ಮೇಲೆ ಮತ್ತೆ ಪರೀಕ್ಷೆ ಬರೆದು ಪಾಸಾಗಿ ಅವಳೀಗ ಒಂದು ಸರಕು ಹಡಗಿನ ಎರಡನೇ ಅಧಿಕಾರಿಯಾಗಿದ್ದಳು.

ಯೆರ್ಕೊ ಆ ಪಟ್ಟಿಯಲ್ಲಿರಲಿಲ್ಲ. ಇಪ್ಪತ್ತು ವರ್ಷ ಪುಸ್ತಕ ತಂದುಕೊಟ್ಟಿದ್ದ, ಕಾಫಿ ಕುಡಿಸಿದ್ದ. ಒಂದು ಸಾಲು ಬರೆದುಕೊಟ್ಟಿರಲಿಲ್ಲ.

“ನನ್ನನ್ನೂ ಸೇರಿಸೇ,” ಅಂದ ಒಂದು ದಿನ, ಅವಳ ದಿಂಬು ಸರಿಮಾಡುತ್ತ.

“ಸ್ನೇಹಕ್ಕೆಲ್ಲ ಹೆಸರು ಸೇರಿಸಲ್ಲ. ಕೆಲ್ಸ ಮಾಡು.”

“ನಂಗೆ ಪ್ರೋಗ್ರಾಮ್ ಬರಲ್ಲ.”

“ಓದಕ್ಕೆ ಬರೆಯಕ್ಕೆ ಬರುತ್ತಲ್ಲ? ಹಡಗಿನಲ್ಲಿ ಪರೀಕ್ಷೆ ಬರೆಯೋರಿಗೆ ಒಂದು ಸಹಾಯದ ಪುಟ ಇದೆ. ಅದನ್ನ ಓದಿದ್ರೆ ಗೊತ್ತಿದ್ದದ್ದೂ ಮರೆತುಹೋಗುತ್ತೆ. ಹೊಸದಾಗಿ ಬರಿ.”

ಹೂಚಕ್ರ ಹೊತ್ತು ಬಂದವನು ಸೈಪ್ರೆಸ್ ನೆರಳಲ್ಲಿ ಪ್ರೊಶ್ಪೆರ್‌ನನ್ನು ಕೇಳಿದ್ದು ಅದೇ ಸಹಿ. ಎಂಜಿನ್ನಿನ ಮಾತೂ ಬಂತಂತೆ. “ನನ್ನ ಯಾಕೆ ಕೇಳ್ತೀರಾ ಸ್ವಾಮಿ?” ಅಂದನಂತೆ ಪ್ರೊಶ್ಪೆರ್. “ಸಮುದ್ರದ ಕಡೆ ತಿರುಗಿ ಕೇಳಿ. ಒಡೆಯರೆಲ್ಲ ಅಲ್ಲೇ ಇದ್ದಾರೆ. ಪುಣ್ಯಕ್ಕೆ ಇವರಲ್ಲಿ ಪಾದ್ರಿ ಯಾರೂ ಇಲ್ಲ ಅನ್ಸುತ್ತೆ.” ಆಮೇಲೆ ನಕ್ಕನಂತೆ.

ಅವಳು ಹೇಳಿದ್ದ ಆ ಸಹಾಯದ ಪುಟವನ್ನು ಯೆರ್ಕೊ ಬರೆದ. ಓದಿಕೊಂಡವನಲ್ಲವೇ, ಸೊಗಸಾಗಿಯೇ ಬರೆದ. ತಾಳ್ಮೆಯ ಬಗ್ಗೆ ಒಂದು ಮಾತು, ಕಡಲಿನ ಬಗ್ಗೆ ಇನ್ನೊಂದು. ಅವಳು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಎಲ್ಲರೂ ಕಳಿಸುವ ದಾರಿಯಲ್ಲೇ ಕಳಿಸಿ, ಅವಳು ಒಪ್ಪಿಕೊಂಡು ಸೇರಿಸಲಿ ಎಂದು ಕಾದ. ಸಂಜೆ ಆಸ್ಪತ್ರೆಗೆ ಹೋದಾಗ ಅವಳು ನಿದ್ದೆಯಲ್ಲಿದ್ದಳು. ಕಂಪ್ಯೂಟರ್ ಮಡಿಸಿ ಪಕ್ಕಕ್ಕಿಟ್ಟಿತ್ತು. ಸ್ವಲ್ಪ ಹೊತ್ತು ಕೂತು ಎದ್ದು ಬಂದ. ಬೆಳಿಗ್ಗೆ ಪ್ರೊಶ್ಪೆರ್‌ನ ಫೋನು ಬಂತು.

ಅವಳ ಉತ್ತರವನ್ನು ಯೆರ್ಕೊ ನೋಡಿದ್ದು ಮಣ್ಣು ಮುಗಿಸಿ ಹಿಂತಿರುಗುವ ಹಡಗಿನಲ್ಲಿ. ಸೋಮವಾರ ಸಂಜೆ, ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಕ್ಕೆ ತುಸು ಮೊದಲು ಬರೆದದ್ದು. ಅದಾದ ಮೇಲೆ ಅವಳು ಇನ್ನೇನನ್ನೂ ಮಾಡಲಿಲ್ಲ. ಪುಟವನ್ನು ಪೂರ್ತಿ ಓದಿದ್ದಳು. ಕಡಲಿನ ಮಾತನ್ನೂ ತಾಳ್ಮೆಯ ಮಾತನ್ನೂ ಹೊಡೆದುಹಾಕಿದ್ದಳು. ಕೊನೆಯ ಪ್ಯಾರಾದ ಪಕ್ಕದಲ್ಲಿ, ‘ಸಂಪರ್ಕ ಕಡಿದಾಗ ಏನೂ ಮುಟ್ಟಬೇಡಿ ಅಂತ ಮೊದಲ ಸಾಲಲ್ಲೇ ಹೇಳು, ಹಡಗು ಅಲ್ಲಾಡುತ್ತಿರುತ್ತದೆ, ಯಾರೂ ಕೆಳಗಿನವರೆಗೆ ಓದುವುದಿಲ್ಲ’ ಎಂದು ಬರೆದಿದ್ದಳು. ಪುಟವನ್ನು ಗುಸ್ತಿರ್ನಕ್ಕೆ ಸೇರಿಸದೆ ವಾಪಸು ಕಳಿಸಿದ್ದಳು; ಪಟ್ಟಿಗೆ ಅವನ ಹೆಸರೂ ಸೇರಿರಲಿಲ್ಲ. ಕೆಳಗೆ ಎಲ್ಲರಿಗೂ ಬರೆಯುವಂತೆಯೇ ಬರೆದಿದ್ದಳು: ‘ಇದು ಸಾಲದು. ತಿದ್ದಿ ಮತ್ತೆ ಕಳಿಸು.’