ತಾಳದ ಹಿಂದೆ ಬರುತ್ತಿದ್ದ ಮಾವ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಮೇಲೆ ಹುಣಸೆಬೀಜದಷ್ಟು ದಪ್ಪದ ಗಂಟೊಂದಿತ್ತು. ಸ್ಯಾಕ್ಸೋಫೋನಿನ ಭಾರವೆಲ್ಲ ಕೂರುತ್ತಿದ್ದುದು ಅಲ್ಲೇ. ನೇಯುವವರ ಕೈ ಒರಟಾಗಿರುವುದು ನಮ್ಮ ದೊಡ್ಡಬಳ್ಳಾಪುರದಲ್ಲಿ ಹೊಸದೇನಲ್ಲ, ಆದರೆ ಆ ಜಾಗದಲ್ಲಿ ಗಂಟು ಇನ್ಯಾರಿಗೂ ಇರಲಿಲ್ಲ. ಅತ್ತೆ ಎಣ್ಣೆ ಹಚ್ಚಲು ಹೋದರೆ ಕೈ ಎಳೆದುಕೊಳ್ಳುತ್ತಿದ್ದರು. "ಅದು ಕರಗಿದ್ರೆ ನನ್ ವಿದ್ಯೆನೂ ಕರಗುತ್ತೆ, ಬಿಡೇ."

ಲಗ್ನವಿದ್ದ ದಿನ ಓಲಗ, ಇಲ್ಲದ ದಿನ ಮಗ್ಗ. ಅಭ್ಯಾಸ ಮಾಡುತ್ತಿದ್ದುದೂ ಮಗ್ಗದ ಶೆಡ್ಡಿನಲ್ಲೇ, ಪವರ್‌ಲೂಮುಗಳು ಓಡುತ್ತಿರುವಾಗ. ಅಲ್ಲಿ ಎಷ್ಟು ಊದಿದರೂ ಅಕ್ಕಪಕ್ಕದವರ ತಕರಾರಿಲ್ಲ. ಮೂಲೆಯಲ್ಲಿ ಲಾಳಿಗೆ ನೂಲು ಸುತ್ತುತ್ತಿದ್ದ ನಾನೊಬ್ಬಳೇ ಅವರ ಸಭೆ.

ಒಮ್ಮೆ ಬೆಂಗಳೂರಿನ ಹೋಟೆಲೊಂದರಲ್ಲಿ ಮದುವೆಗೆ ಊದಲು ಹೋದಾಗ, ಪಕ್ಕದ ಸಭಾಂಗಣದಲ್ಲಿ ಮುದುಕರೊಬ್ಬರು ಸ್ಯಾಕ್ಸೋಫೋನಿನಲ್ಲಿ ಜಾಸ್ ಎಂಬ ವಿದೇಶಿ ಸಂಗೀತ ನುಡಿಸುವುದನ್ನು ಕೇಳಿದರಂತೆ. ಮದುವೆ ಊಟ ಬಿಟ್ಟು ಅಲ್ಲಿನ ಬಾಗಿಲಲ್ಲೇ ನಿಂತುಬಿಟ್ಟರಂತೆ. ಮಾರನೇ ದಿನ ಶೆಡ್ಡಿಗೆ ಬಂದವರೇ ಹೇಳಿದರು: "ಪುಟ್ಟಿ, ಆವಯ್ಯ ತಾಳದ ಜೊತೇಲಿ ಬರಲ್ಲ ಕಣೇ. ತಾಳನ ಮುಂದೆ ಬಿಟ್ಟು ಹಿಂದಿಂದ ಕೈ ಬೀಸ್ಕೊಂಡ್ ಬರ್ತಾನೆ. ಅವಸರಾನೇ ಇಲ್ಲ!"

ಅವತ್ತು ಹಿಡಿದ ಹುಚ್ಚು ಬಿಡಲೇ ಇಲ್ಲ. ಮಗ್ಗ ಬಡಿದ ಮೇಲೆ ಕೂದಲೆಳೆಯಷ್ಟು ತಡೆದು ಸ್ವರ ಬಿಡುವರು. ದಿನವಿಡೀ ತಲೆ ತಿನ್ನುತ್ತಿದ್ದ ಆ ಬಡಿತ ಅವರು ಊದುವಷ್ಟು ಹೊತ್ತು ನನಗೆ ಹಿತವಾಗುತ್ತಿತ್ತು. ನೆಲಮಂಗಲದಿಂದ, ಅನುಗೊಂಡನಹಳ್ಳಿಯಿಂದ ಶಿಷ್ಯರು ಬಂದು ಅದನ್ನೇ ಕಲಿತರು. "ದೊಡ್ಡಬಳ್ಳಾಪುರದೋರು ಹಿಂದೆ ಬೀಳ್ತಾರೆ" ಎಂದು ಬೇರೆ ಊರಿನ ಡೋಲಿನವರು ಗೊಣಗಿದರೆ ಮಾವನಿಗೆ ಬಿರುದು ಸಿಕ್ಕಷ್ಟು ಖುಷಿ.

ಅದೇ ಶೆಡ್ಡು ಅವರ ಕಿವಿ ತಿಂದುಹಾಕಿತು. ನಮಗದು ಗೊತ್ತಾಗಿದ್ದು ನೆಲಮಂಗಲದ ಒಂದು ಮದುವೆಯಲ್ಲಿ. ನಾನೂ ಹೋಗಿದ್ದೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರು. ಡೋಲು ಸಿಡಿಯಿತು, ಅಕ್ಷತೆ ಹಾರಿತು, ಕೊರಳಿಗೆ ತಾಳಿಯೂ ಬಿತ್ತು. ಮಾವ ಮಾತ್ರ ಕಣ್ಣು ಮುಚ್ಚಿ, ಅದೇ ನಿಧಾನದ ರಾಗವನ್ನು ಎಳೆಯುತ್ತಲೇ ಇದ್ದರು. ಅದು ಎಷ್ಟು ಚೆನ್ನಾಗಿತ್ತೆಂದು ಯಾರಿಗೆ ಹೇಳಲಿ? ಹುಡುಗಿಯ ತಂದೆ ಎಲ್ಲರೆದುರೇ ಹರಿಹಾಯ್ದರು: "ಕಿವುಡ್ರನ್ನ ಯಾಕ್ರೀ ಕರ್ಕೊಂಡ್ ಬರ್ತೀರಾ? ಇದೇನ್ ಮದ್ವೆನಾ, ಸಾವಾ?" ಮಾವನಿಗೆ ಮಾತು ಕೇಳಿಸಲಿಲ್ಲ, ಕಣ್ಣು ತೆರೆದಾಗ ಅವರ ಮುಖ ಕಾಣಿಸಿತು. ಬಸ್ಸಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದರು.

ಆಮೇಲೆ ಯಾರೂ ಕರೆಯಲಿಲ್ಲ. ಮಾವ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಒತ್ತಿ, ಅದರ ಅದುರುವಿಕೆಯಲ್ಲೇ ತಾಳ ಹಿಡಿದು ಊದಲು ನೋಡುತ್ತಿದ್ದರು. ಆದರೆ ಆ ವಾದ್ಯಕ್ಕೆ ಎರಡೂ ಕೈ ಬೇಕು. ಕೈ ತೆಗೆದರೆ ತಾಳ ಹೋಯಿತು, ಇಟ್ಟರೆ ಸ್ವರವಿಲ್ಲ. ಒಂದು ದಿನ ನನ್ನನ್ನು ಕರೆದು, "ನಂಗ್ ಕೇಳಿಸ್ದಿದ್ರೆ ಹೋಗ್ಲಿ ಪುಟ್ಟಿ. ಹುಡುಗ್ರು ಊದ್ತಾವ್ರಲ್ಲ, ಅಷ್ಟು ಸಾಕು" ಎಂದರು.

ಹೋದ ವರ್ಷ ಮಾವ ತೀರಿಕೊಂಡರು. ಶಿಷ್ಯರೆಲ್ಲ ಬಂದರು. ಮೆರವಣಿಗೆಯ ಮುಂದೆ ಸ್ಪೀಕರ್ ಹೊತ್ತ ಆಟೋ, ಅದರಲ್ಲಿ ಮೊದಲೇ ರೆಕಾರ್ಡು ಮಾಡಿಟ್ಟ ಡ್ರಮ್ಮಿನ ಟ್ರ್ಯಾಕು, ಅದರ ಹಿಂದೆ ಸಾಲಾಗಿ ಸ್ಯಾಕ್ಸೋಫೋನುಗಳು. ಒಂದು ಸ್ವರವೂ ಹಿಂದೆ ಉಳಿಯಲಿಲ್ಲ. ಎಲ್ಲವೂ ತಾಳಕ್ಕೆ ಸರಿಯಾಗಿ, ಮೊಳೆ ಹೊಡೆದ ಹಾಗೆ. ಸ್ಮಶಾನದ ಬಾಗಿಲಲ್ಲಿ ಹಿರಿಯ ಶಿಷ್ಯನನ್ನು ತಡೆದು, ಮಾವ ಹೇಳಿಕೊಟ್ಟ ಹಾಗೆ ಒಂದೇ ಒಂದು ಸಲ ಊದಪ್ಪಾ ಎಂದು ಕೇಳಿದೆ. ಅವನು ಊದಲು ನೋಡಿದ, ಮತ್ತೆ ನೋಡಿದ, ಆಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ಆಗ್ತಿಲ್ಲ ಅಕ್ಕಾ. ಹಿಂದೆ ಬಿದ್ರೆ ಟ್ರ್ಯಾಕ್ ಕಾಯಲ್ಲ. ಅದ್ರ ಜೊತೆ ಊದಿ ಊದಿ ಹಿಂಗೇ ಆಗ್ಬಿಟ್ಟಿದೀನಿ."

ಮಾವನಿಗೆ ಇದು ಕೇಳಿಸದೇ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ತಡೆದು ಬರುವ ಸ್ವರ ಈಗ ನನ್ನೊಬ್ಬಳ ನೆನಪಿನಲ್ಲಿದೆ. ನನಗೆ ಊದಲು ಬರದು. ಈಗೀಗ ನನ್ನ ಎಡಗಿವಿಯೂ ಮಂದವಾಗುತ್ತಿದೆ.